ಎರಡನೇ ಪಾಳಿ

ಮಧ್ಯಾಹ್ನ ಹನ್ನೆರಡಕ್ಕೆ ಈಗ ಇಲ್ಲಿ
ಗಡಿಯಾರದ ಸದ್ದು ಕೇಳುತ್ತದೆ.
ಮೊದಲು ಹೀಗಿರಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು
ಕೈಸನ್ನೆಯಲ್ಲೇ ಚಾ ತರಿಸುತ್ತಿದ್ದೆವು,
ಸಾಲು ಯಂತ್ರಗಳ ನಡುಕ
ಲೋಟದೊಳಗೆ ಉಂಗುರ ಉಂಗುರವಾಗಿ ಏಳುತ್ತಿತ್ತು.

ಈಗ ಬಯಲುಸೀಮೆಯಲ್ಲಿ ಬಿಸಿಲು ಕೆಲಸಕ್ಕೆ ಸೇರಿದೆ.
ಜಾಲಿಯೂ ಬಾಡುವ ನೆಲದಲ್ಲಿ ಎಕರೆಗಟ್ಟಲೆ ಗಾಜು ಹಾಸಿ
ಮಲಗಿಕೊಂಡೇ ದುಡಿಯುತ್ತದಂತೆ.
ನಾನು ನೋಡಿಲ್ಲ. ಫೋನಿನಲ್ಲಿ ಕೇಳಿದ್ದು:
ಬೆಂಗಳೂರಿನ ಕಂಟ್ರೋಲ್ ರೂಮಿನಿಂದ ಶಾಹಿದಾ ಮೇಡಂ
ಬೆಳಗ್ಗೆ ಒಂಬತ್ತಕ್ಕೆ, “ಕನ್ನಪ್ಪ ಅವರೇ,
ಮೂರು, ನಾಲ್ಕು, ಐದು ನಿಲ್ಲಿಸಿ, ಬಿಸಿಲು ಬಂತು.”
ಸಂಜೆ ಆರಕ್ಕೆ, “ಎಲ್ಲ ಎಬ್ಬಿಸಿ, ಬಿಸಿಲು ಹೋಯ್ತು.”
ಒಮ್ಮೊಮ್ಮೆ ಮಟಮಟ ಮಧ್ಯಾಹ್ನ,
“ಮೋಡ, ಮೋಡ! ಬೇಗ!”

ನಾನು ಕಾಣದ ಆಕಾಶದಲ್ಲಿ ಒಂದು ಮೋಡ ಹಾದರೆ
ಇಲ್ಲಿ ನನ್ನ ಬೆರಳು ಗುಂಡಿ ಒತ್ತುತ್ತದೆ,
ಗುಡ್ಡದ ಇಳಿಜಾರಿನ ಕೊಳವೆಗಳಲ್ಲಿ
ನೀರು ಗುಡುಗುತ್ತದೆ.
ಆ ಮೋಡ ಅಲ್ಲಿ ಹನಿ ಹಾಕಿತೋ ಇಲ್ಲವೋ,
ಲಾಗ್ ಬುಕ್ಕಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಶರಾವತಿಗೀಗ ಎರಡನೇ ಪಾಳಿ.
ಹಗಲೆಲ್ಲ ಅಣೆಕಟ್ಟಿಗೆ ಬೆನ್ನು ಕೊಟ್ಟು ಕೂತು
ದೀಪ ಹಚ್ಚುವ ಹೊತ್ತಿಗೆ ಎದ್ದು ಇಳಿಯುತ್ತಾಳೆ,
ಯಾರದೋ ಮಿಕ್ಸಿಗೆ, ಯಾರದೋ ಪರೀಕ್ಷೆಯ ಓದಿಗೆ,
ಸಾಗರದ ಆಸ್ಪತ್ರೆಯಲ್ಲಿ ಈಗಷ್ಟೇ ಹುಟ್ಟಿದ್ದಕ್ಕೆ
ಬೆಚ್ಚಗಿನ ಪೆಟ್ಟಿಗೆಗೆ.
ಒಳ್ಳೆಯದೇ. ಎಲ್ಲೋ ಒಂದು ಹೊಗೆಕೊಳವೆ
ಅರ್ಧ ದಿನ ಬಾಯಿ ಮುಚ್ಚಿರುತ್ತದೆ,
ಯಾರದೋ ಅಂಗಳದಲ್ಲಿ ಒಣಹಾಕಿದ ಬಟ್ಟೆ
ಬೂದಿ ಕೂರದೆ ಒಣಗುತ್ತದೆ.
ಇದನ್ನೆಲ್ಲ ಅವ್ವನಿಗೆ ಬಿಡಿಸಿ ಹೇಳಿದ್ದೆ.
ಕೇಳಿದಳು. ಕೇಳಿ, ಎಲೆಗೆ ಸುಣ್ಣ ಸವರಿದಳು.

ಅವ್ವ ಸೇರಕ್ಕಿ ಒದ್ದು ಒಳಗೆ ಬಂದ ಮನೆ ಹೆಬ್ಬೈಲಿನದು,
ಅಂದರೆ ಈಗ ನೀರಿನದು.
ಲಾರಿ ಬಂದ ದಿನ ಬಾಗಿಲು, ಜಂತಿ, ಹೆಂಚು
ಎಲ್ಲ ಕಿತ್ತು ಹೇರಿದರಂತೆ.
ಹೊಸಿಲ ಕಲ್ಲು ಮಾತ್ರ ಹಾರೆಗೆ ಬಗ್ಗಲಿಲ್ಲ.
ಕರೆಂಟಿಗೆ ಅಂತ ಎದ್ದು ಹೋದವರ ಹೊಸ ಮನೆಗೆ
ಕರೆಂಟು ಬರಲು ಹದಿನೇಳು ವರ್ಷ ಹಿಡಿಯಿತು,
ಆ ಮಾತನ್ನು ಅವಳು ಈಗ ಆಡುವುದಿಲ್ಲ.
ಕಲ್ಲಿನ ಮಾತು ಆಡುತ್ತಾಳೆ.

ಮಟ್ಟ ತೀರ ಇಳಿದ ಬೇಸಗೆಗಳಲ್ಲಿ
ಮೇ ಕೊನೆಗೆ ಅದು ಕೆಸರಿನಿಂದ ಬೆನ್ನು ತೋರಿಸುತ್ತಿತ್ತು.
ದೋಣಿಯಲ್ಲಿ ಕರೆದೊಯ್ಯುತ್ತಿದ್ದೆ.
ಸೆರಗಿನಿಂದ ಒರೆಸಿ ಅರಿಶಿನ ಹಚ್ಚಿ,
ಹೊಸಿಲ ಮೇಲೆ ಕೂರಬಾರದು ಅಂತ ನಮಗೆ ಹೊಡೆದವಳು
ತಾನೇ ಕೂತು ಕಾಲು ಚಾಚುತ್ತಿದ್ದಳು,
ಅರ್ಧ ಒಳಗೆ, ಅರ್ಧ ಹೊರಗೆ,
ಸುತ್ತ ಗೋಡೆಯೇ ಇಲ್ಲದ ಕಡೆ.

ಮೂರು ವರ್ಷವಾಯಿತು, ಕಲ್ಲು ಕಂಡಿಲ್ಲ.
ಹಗಲು ಉಳಿಸಿದ ನೀರು ಅದರ ಮೇಲೆ ನಿಂತಿದೆ,
ನಾಲ್ಕಡಿ, ಹೆಚ್ಚೆಂದರೆ ಐದು.
“ನೀನೇ ಅಲ್ದಾ ಮಿಶನ್ ನಡ್ಸೋದು?
ಒಂದ್ ನಾಕ್ ದಿನ ಹಗಲೂ ನೀರು ಬಿಡು ಮಾರಾಯ.”
ನಕ್ಕೆ. ಅವಳು ನಗಲಿಲ್ಲ.

ಇವತ್ತು ಹನ್ನೆರಡೂ ಇಪ್ಪತ್ತಕ್ಕೆ ಫೋನು: ಮೋಡ.
ಎಬ್ಬಿಸಿದೆ. ಲೋಟದಲ್ಲಿ ಉಂಗುರ ಎದ್ದವು.
ಹನ್ನೆರಡೂ ನಲವತ್ತಕ್ಕೆ, “ಸಾಕು, ನಿಲ್ಲಿಸಿ, ಬಿಸಿಲು ಬಂತು.”
ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ.
ನಲವತ್ತು ಸೆಕೆಂಡು, ಗಡಿಯಾರ ನೋಡುತ್ತ ನಿಂತೆ.
ಅಷ್ಟರಲ್ಲಿ ಎಷ್ಟು ಇಳಿದೀತು ಅಷ್ಟು ದೊಡ್ಡ ನೀರು?
ಅರಿಶಿನದ ಒಂದು ಪದರದಷ್ಟೂ ಇಲ್ಲ.

“ಯಾಕೆ ತಡ, ಕನ್ನಪ್ಪ ಅವರೇ?”

ಗುಂಡಿ ಸ್ವಲ್ಪ ಬಿಗಿ ಮೇಡಂ, ಅಂದೆ.